ಹುಲ್ಲು ಕತ್ತರಿಸಿದರೆ ಹಾಕ್‌ವೀಡ್ ಸಾಯುವುದಿಲ್ಲ

ಹುಲ್ಲುಹಾಸಿನಲ್ಲಿ ಎದ್ದಿರುವ ಕಿತ್ತಳೆ ಹೂ ಡ್ಯಾಂಡಲಿಯನ್ ಎಂಬ ಕಳೆ ಇರಬಹುದೇ, ವಾರವಾರ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದರೂ ಅದೇಕೆ ಹೆಚ್ಚುತ್ತಿದೆ ಎಂದು ಕೇಳಿದ್ದೀರಿ. ನೀವು ಬರೆದ ಗುರುತುಗಳು ಕಿತ್ತಳೆ ಹಾಕ್‌ವೀಡ್ ಎಂಬ ಇನ್ನೊಂದು ಕಳೆಗೇ ಹೊಂದುತ್ತವೆ. ಖಚಿತವಾಗಬೇಕಾದರೆ ಒಂದು ದಂಟನ್ನು ಬೆಳಕಿಗೆ ಹಿಡಿಯಿರಿ. ಡ್ಯಾಂಡಲಿಯನ್ ದಂಟು ಟೊಳ್ಳು, ಹೆಚ್ಚುಕಡಿಮೆ ನುಣುಪು, ತುದಿಗೆ ಒಂದೇ ಹೂ. ಹಾಕ್‌ವೀಡ್ ದಂಟಿನ ತುಂಬ ಒರಟು ರೋಮ, ಮೊಗ್ಗಿನ ಹತ್ತಿರ ಬಂದಂತೆ ಅದು ಕಪ್ಪಾಗುತ್ತದೆ. ಹೂಗಳು ತುದಿಯಲ್ಲಿ ಗೊಂಚಲಾಗಿರುತ್ತವೆ. ಎಲೆಯ ಮೇಲೂ ಕೆಳಗೂ ರೋಮ. ಮುರಿದಾಗ ಬರುವ ಹಾಲನ್ನು ನೋಡಿ ತೀರ್ಮಾನಿಸಬೇಡಿ, ಅದು ಎರಡರಲ್ಲೂ ಇದೆ.

ಯಂತ್ರದ ಅಲಗಿಗೆ ಸಿಗುವುದು ಹೂವಿನ ದಂಟು ಮಾತ್ರ. ಎಲೆಗಳು ನೆಲಕ್ಕೆ ಅಂಟಿಕೊಂಡಿರುವುದರಿಂದ ಗಿಡ ಹಾಗೆಯೇ ಉಳಿದು, ಸುತ್ತಲೂ ಹಂಬು ಚಾಚಿ, ಹಂಬಿನ ತುದಿಯಲ್ಲಿ ಬೇರು ಬಿಟ್ಟು ಮರಿಗಿಡ ಮಾಡುತ್ತದೆ. ಜೊತೆಗೆ ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುವ ಶಕ್ತಿಯೂ ಇದಕ್ಕಿದೆ. ಬಟಾಣಿ ಗಿಡಗಳಲ್ಲಿ ಆನುವಂಶಿಕತೆಯ ನಿಯಮ ಕಂಡುಕೊಂಡ ವಿಜ್ಞಾನಿ ಮೆಂಡೆಲ್ ಆಮೇಲೆ ಕೈಗೆತ್ತಿಕೊಂಡದ್ದು ಇದೇ ಬಳಗದ ಗಿಡಗಳನ್ನು. ಬಟಾಣಿಯ ನಿಯಮ ಇಲ್ಲಿ ಕೂಡಿಬರಲಿಲ್ಲ, ಏಕೆಂದರೆ ಎಷ್ಟೋ ಬೀಜಗಳು ತಾಯಿಗಿಡದ ತದ್ರೂಪಗಳಾಗಿದ್ದವು. ಹಾಗಾಗಿ ಒಂಟಿ ಗಿಡವೊಂದು ಉಳಿದರೂ ಮತ್ತೆ ಹಬ್ಬಲು ಸಾಕು.

ಮಳೆ ಬಿದ್ದು ನೆಲ ಮೆತ್ತಗಿರುವಾಗ ಅಗೆಯಿರಿ. ಕೈಯಿಂದ ಎಳೆದರೆ ಬೇರು ತುಂಡಾಗಿ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಗುದ್ದಲಿಯನ್ನು ಗಿಡದಿಂದ ತುಸು ದೂರ ಊರಿ, ಮಣ್ಣಿನ ಹೆಂಟೆಯ ಸಮೇತ ಎತ್ತಿ, ಪ್ರತಿ ಹಂಬನ್ನೂ ಅದರ ತುದಿಯವರೆಗೆ ಬೆರಳಾಡಿಸಿ ಹುಡುಕಿ. ತೆಗೆದದ್ದೆಲ್ಲ ಗಟ್ಟಿಯಾಗಿ ಕಟ್ಟಿದ ಚೀಲಕ್ಕೆ ಹೋಗಲಿ, ಗೊಬ್ಬರದ ಗುಂಡಿಗೆ ಖಂಡಿತ ಬೇಡ. ಬರಿದಾದ ಜಾಗಕ್ಕೆ ಅಂದೇ ಹುಲ್ಲಿನ ಬೀಜ ಹಾಕಿ. ಇದು ಬಡ ಮಣ್ಣಿನಲ್ಲಿ ಗೆಲ್ಲುವ ಗಿಡ. ಸಾರಜನಕ ಸಿಕ್ಕಿ ಹುಲ್ಲು ದಟ್ಟವಾದರೆ ಇದಕ್ಕೆ ಬೆಳಕೇ ಸಿಗುವುದಿಲ್ಲ. ಕಳೆನಾಶಕಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಈ ಉಪಾಯದಲ್ಲಿ.

ಅಗೆದು ಮುಗಿಸಲಾಗದಷ್ಟು ಹರಡಿದ್ದರೆ ಮಾತ್ರ ಅಗಲ ಎಲೆಯ ಕಳೆಗಳನ್ನಷ್ಟೇ ಕೊಲ್ಲುವ ಔಷಧ ಬಳಸಿ. ಎಲೆಯ ರೋಮದ ಮೇಲೆ ಹನಿ ನಿಂತುಬಿಡುವುದರಿಂದ, ಡಬ್ಬಿಯ ಮೇಲಿನ ಸೂಚನೆ ಅನುಮತಿಸಿದರೆ ಔಷಧ ಎಲೆಗೆ ಹರಡಿ ಅಂಟುವಂತೆ ಮಾಡುವ ಅಂಟುದ್ರಾವಣ ಬೆರೆಸಿ. ಕ್ಲೋಪಿರಾಲಿಡ್ ಎಂಬ ಕಳೆನಾಶಕ ರಾಸಾಯನಿಕ ಇರುವ ಔಷಧವಾದರೆ ಕತ್ತರಿಸಿದ ಹುಲ್ಲನ್ನು ಗೊಬ್ಬರ ಮಾಡಬೇಡಿ, ಅದರ ಅಂಶ ಉಳಿದು ಟೊಮೆಟೊ, ಹುರುಳಿಕಾಯಿ ಗಿಡಗಳು ಮುರುಟಿಕೊಳ್ಳುತ್ತವೆ.

ಯುರೋಪಿನಲ್ಲಿ ಇದು ತವರಿನ ಹೂವೇ, ಬೆಟ್ಟದ ಹುಲ್ಲುಗಾವಲಿನಲ್ಲಿ ಅದನ್ನು ಅದರ ಪಾಡಿಗೆ ಬಿಡಬೇಕು. ಆಸ್ಟ್ರೇಲಿಯದ ಮಾತು ಬೇರೆ, ಅಲ್ಲಿ ಇದು ಹೊರಗಿನಿಂದ ಬಂದ ಕಳೆ. ಕೋಸಿಯಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಇದರ ಪತ್ತೆಗೆ ತರಬೇತಿ ಪಡೆದ ನಾಯಿಗಳನ್ನು ಬಿಡುತ್ತಾರೆ. ನೀವಿರುವುದು ಆಸ್ಟ್ರೇಲಿಯದಲ್ಲೇ ಆದರೆ ಗುದ್ದಲಿ ಹಿಡಿಯುವ ಮೊದಲು ಫೋಟೊ ತೆಗೆದು ಕಳೆ ನಿಯಂತ್ರಣದ ಅಧಿಕಾರಿಗಳಿಗೆ ತಿಳಿಸಿ.