ಪ್ರಾಚೀನ ಎಟ್ರುಸ್ಕನ್ನರು ಯಾವ ಆಟಗಳನ್ನು ಆಡುತ್ತಿದ್ದರು?

ಕುಸ್ತಿ, ಬಾಕ್ಸಿಂಗ್, ಓಟ, ಡಿಸ್ಕಸ್ ಎಸೆತ, ರಥದ ಓಟ, ಎಲ್ಲವೂ ಇತ್ತು. ರೋಮ್ ಬೆಳೆಯುವ ಮೊದಲೇ ಮಧ್ಯ ಇಟಲಿಯಲ್ಲಿ ಮೆರೆದ ಜನ ಇವರು. ಇದೆಲ್ಲ ನಮಗೆ ಗೊತ್ತಾಗಿರುವುದು ಹೆಚ್ಚಾಗಿ ಗೋರಿಗಳ ಗೋಡೆಚಿತ್ರಗಳಿಂದ. ಸತ್ತವರ ಗೌರವಕ್ಕೂ ಆಟ ನಡೆಸುತ್ತಿದ್ದರು.

ಇಟಲಿಯ ತಾರ್ಕ್ವಿನಿಯಾ ಊರಿನ 'ಆಗರ್‌ಗಳ ಗೋರಿ'ಯನ್ನೇ ನೋಡಿ (ಆಗರ್ ಅಂದರೆ ಶಕುನ ನೋಡುವ ಪೂಜಾರಿ), ಸುಮಾರು ಕ್ರಿ.ಪೂ. 520ರದ್ದು. ಇಬ್ಬರು ಜಟ್ಟಿಗಳು ಬರಿಮೈಯಲ್ಲಿ ಕೈಗೆ ಕೈ ಕೊಟ್ಟು ಪಟ್ಟು ಹಿಡಿದಿದ್ದಾರೆ. ನಡುವೆ ಒಂದರ ಮೇಲೊಂದು ಮೂರು ಬೋಗುಣಿ. ಗೆದ್ದವನಿಗೆ ಬಹುಮಾನ ಇರಬೇಕು! ಅದೇ ಗೋರಿಯಲ್ಲಿ ಇನ್ನೊಂದು ಚಿತ್ರವಿದೆ, ಸ್ವಲ್ಪ ಭಯಂಕರ. ತಲೆಗೆ ಚೀಲ ಮುಚ್ಚಿದ ಒಬ್ಬ ಕೈಯಲ್ಲಿ ದೊಣ್ಣೆ ಹಿಡಿದಿದ್ದಾನೆ. ಮುಖವಾಡ ಹಾಕಿದವನೊಬ್ಬ ಅವನ ಮೇಲೆ ನಾಯಿ ಛೂ ಬಿಟ್ಟಿದ್ದಾನೆ. ರೋಮಿನ ಗ್ಲಾಡಿಯೇಟರ್ ಕಾಳಗದ ಮೂಲ ಇದೇ ಅಂತ ಕೆಲವರು ಹೇಳುತ್ತಾರೆ. ನನಗೇನೋ ಅದು ಸುಮ್ನೆ ಎಳೆದು ತಂದ ನಂಟು ಅನ್ನಿಸುತ್ತದೆ.

ಬಾಕ್ಸಿಂಗ್‌ಗೆ ಪಕ್ಕದಲ್ಲಿ ಕೊಳಲಿನಂಥ ಜೋಡಿ ವಾದ್ಯ ಊದುವವನೂ ಇರುತ್ತಿದ್ದ. ರಥ ಓಡಿಸುವವರು ಲಗಾಮನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು. ಬಿದ್ದರೆ ಕಥೆ ಮುಗಿಯಿತು, ಅಲ್ವಾ? 'ಬಿಗಾ ಗೋರಿ'ಯ (ಬಿಗಾ ಅಂದರೆ ಎರಡು ಕುದುರೆಯ ರಥ) ಚಿತ್ರದಲ್ಲಿ ಮರದ ಅಟ್ಟಣಿಗೆ ಮೇಲೆ ಗಂಡಸರ ಜೊತೆ ಹೆಂಗಸರೂ ಕೂತು ಆಟ ನೋಡುತ್ತಿದ್ದಾರೆ. ಗ್ರೀಸಿನ ಒಲಿಂಪಿಕ್ಸ್‌ನಲ್ಲಿ ಮದುವೆಯಾದ ಹೆಂಗಸರಿಗೆ ಒಳಗೆ ಬಿಡುತ್ತಲೇ ಇರಲಿಲ್ಲ.