ದುಡ್ಡು ತಗೊಳ್ದೆ ಕಾದಂಬರಿ ಓದಿ ತಿದ್ದಿಕೊಡೋರು ಎಲ್ಲಿ ಸಿಗ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಮೊದಲ ಕಾದಂಬರಿ ಬರೆದು ಮುಗಿಸಿದೀರ, ಸುಮಾರು 60 ಸಾವಿರ ಪದ ಆಗಿದೆ, ದುಡ್ಡು ಕೊಟ್ಟು ಎಡಿಟರ್ ಹತ್ರ ಮಾಡಿಸೋ ಶಕ್ತಿ ಇಲ್ಲ, ಫ್ರೆಂಡ್ಸ್‌ಗೆ ಕೊಟ್ರೆ ಎಲ್ರೂ 'ಸೂಪರ್' ಅಂತ ಹೂವಿನ ಇಮೋಜಿ ಹಾಕಿ ಸುಮ್ನಾಗ್ತಾರೆ, ಗೊತ್ತಿಲ್ದೋರಿಗೆ ಕೊಡೋಣ ಅಂದ್ರೆ ಕದ್ದುಬಿಟ್ರೆ ಅನ್ನೋ ಭಯ. ಇದನ್ನೆಲ್ಲ ನಾನೂ ದಾಟಿ ಬಂದಿದ್ದೀನಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ. ನಾನು ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿರೋಳು, ಬರೆಯೋದು ರಾತ್ರಿ ಊಟ ಆದ್ಮೇಲೆ. ಒಂದು ಕಾದಂಬರಿ, ಹತ್ತು ಹನ್ನೆರಡು ಕಥೆ ಆಗಿದೆ, ಯಾವುದಕ್ಕೂ ಎಡಿಟಿಂಗಿಗೆ ಅಂತ ದುಡ್ಡು ಕೊಟ್ಟಿಲ್ಲ.

ನಮ್ಮ ತೀರ್ಥಹಳ್ಳಿ ಕಡೆ ಗದ್ದೆ ನೆಟ್ಟಿ ಸಮಯಕ್ಕೆ ಮುಯ್ಯಾಳು ಅಂತ ಇತ್ತು, ಈಗ ಕಡಿಮೆ ಆಗಿದೆ. ಇವತ್ತು ನಮ್ಮನೆಯೋರು ನಿಮ್ಮ ಗದ್ದೆಗೆ ಬರ್ತಾರೆ, ನಾಳೆ ನಿಮ್ಮನೆಯೋರು ನಮ್ಮ ಗದ್ದೆಗೆ. ಕೂಲಿ ಕೊಡೋ ಹಾಗಿಲ್ಲ, ಹಾಗಂತ ಅದು ಪುಕ್ಕಟೆನೂ ಅಲ್ಲ, ಮುಯ್ಯಿ ತೀರಿಸ್ದೆ ಇದ್ದೋರ ಗದ್ದೆಗೆ ಮುಂದಿನ ವರ್ಷ ಯಾರೂ ಕಾಲಿಡಲ್ಲ. ಕಥೆ ಓದಿಸೋದೂ ಹಾಗೇನೇ ಅಂತ ನನಗೆ ಅರ್ಥ ಆಗೋಕೆ ಎರಡು ವರ್ಷ ಹಿಡೀತು. 'ಓದೋರು ಎಲ್ಲಿ ಸಿಗ್ತಾರೆ' ಅಂತ ಹುಡುಕ್ತಾ ಇದ್ದಷ್ಟು ದಿನ ಒಬ್ರೂ ಸಿಗ್ಲಿಲ್ಲ, ನಾನೇ ಬೇರೆಯೋರದ್ದು ಓದೋಕೆ ಶುರು ಮಾಡಿದ್ಮೇಲೆ ಸಿಕ್ಕಿದ್ರು. ಕಥೆ ಬರೆಯೋ ಓದೋ ಪ್ರತಿಲಿಪಿ ಆ್ಯಪಲ್ಲಿ ನನಗೆ ಹಿಡಿಸಿದ ಇಬ್ಬರು ಮೂವರ ಧಾರಾವಾಹಿ ಕಥೆಗಳಿಗೆ ಕೂತು ಉದ್ದುದ್ದ ಕಾಮೆಂಟ್ ಬರೆದೆ, 'ಚೆನ್ನಾಗಿದೆ ಮುಂದುವರೆಸಿ' ಅಂತಲ್ಲ, 'ಏಳನೇ ಭಾಗದಲ್ಲಿ ಅತ್ತೆ ಯಾಕೆ ಅಷ್ಟು ಬೇಗ ಒಪ್ಪಿದ್ರು ನನಗೆ ಗೊತ್ತಾಗ್ಲಿಲ್ಲ' ಅನ್ನೋ ಥರದ್ದು. ಅವರಲ್ಲಿ ಒಬ್ರು ಬೇಜಾರು ಮಾಡ್ಕೊಂಡು ಉತ್ತರಾನೇ ಕೊಡ್ಲಿಲ್ಲ, ಇನ್ನೊಬ್ರು ಮರುದಿನವೇ ಮೆಸೇಜ್ ಮಾಡಿದ್ರು, 'ಮೇಡಂ ಮುಂದಿನ ಭಾಗ ಹಾಕೋ ಮೊದಲು ನಿಮಗೆ ಕಳಿಸ್ಲಾ' ಅಂತ. ಇವತ್ತಿಗೂ ಅವರದ್ದು ನಾನು ಓದ್ತೀನಿ, ನನ್ನದು ಅವರು ಓದ್ತಾರೆ, ಒಂದ್ಸಲವೂ ಮುಖತಃ ಭೇಟಿ ಆಗಿಲ್ಲ.

ಹೀಗೆ ಅಚ್ಚಿಗೆ ಮುಂಚೆ ಓದಿ ಅಭಿಪ್ರಾಯ ಹೇಳೋರಿಗೆ ಬೀಟಾ ರೀಡರ್ ಅಂತಾರೆ. ಆ ಮಾತು ಸಾಫ್ಟ್‌ವೇರಿಂದ ಬಂದಿದ್ದು, ಬಿಡುಗಡೆಗೆ ಮುಂಚೆ ಹೊರಗಿನೋರ ಕೈಗೆ ಕೊಟ್ಟು ನೋಡೋದು ಅಂತ. ಹೆಸರು ಹೊಸದು, ಕೆಲಸ ಹಳೇದೇ. ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಇತ್ತಲ್ಲ, ಆಮೇಲೆ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನದ ಅಟ್ಟದ ಮೇಲೆ ಅದನ್ನ ನಡೆಸ್ತಿದ್ದ ಜಿ.ಬಿ. ಜೋಶಿಯವರು, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಕೂರ್ತಿದ್ರು, ಅಚ್ಚಿಗೆ ಮುಂಚೆ ಸರಿಯಾಗಿ ಓದೋ ಕಣ್ಣು ಅಲ್ಲಿತ್ತು. ನಮಗೆಲ್ಲ ಅಂಥ ಅಟ್ಟ ಸಿಗಲ್ಲ, ನಮ್ಮ ನಮ್ಮ ಅಟ್ಟ ನಾವೇ ಕಟ್ಕೋಬೇಕು.

ಈಗ ಎಲ್ಲಿ ಹುಡುಕೋದು ಅನ್ನೋದಕ್ಕೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಒಳ್ಳೇದು ಕಥಾ ಕಮ್ಮಟ, ಅಂದ್ರೆ ಕಥೆ ಬರೆಯೋರ ಶಿಬಿರ, ಎರಡು ಮೂರು ದಿನ ಜೊತೆಗೆ ಕೂತು ಒಬ್ಬರದ್ದೊಬ್ಬರು ಓದಿರ್ತೀವಿ, ಯಾರ ಮಾತು ಎಷ್ಟು ಹರಿತ ಅಂತ ಅಲ್ಲೇ ಗೊತ್ತಾಗುತ್ತೆ, ಮುಗಿಸಿ ಬರೋವಾಗ ಎಲ್ರೂ ವಾಟ್ಸಾಪ್ ಗ್ರೂಪ್ ಮಾಡ್ತಾರೆ, ಆ ಗ್ರೂಪ್ ಆರು ತಿಂಗಳಲ್ಲಿ ಗುಡ್ ಮಾರ್ನಿಂಗ್ ಗ್ರೂಪ್ ಆಗುತ್ತೆ, ಅಷ್ಟರೊಳಗೆ ನಿಮಗೆ ಸರಿಹೊಂದೋ ಇಬ್ಬರ ಜೊತೆ ಬೇರೆಯಾಗಿ ಮಾತಾಡಿಟ್ಕೊಳ್ಳಿ. ಆಮೇಲೆ ನಿಮ್ಮೂರ ಕಾಲೇಜಿನ ಕನ್ನಡ ಎಂಎ ಮಕ್ಕಳು, ಫೇಸ್‌ಬುಕ್ಕಿನ ಪುಸ್ತಕ ಓದೋರ ಗುಂಪುಗಳು, ಹೊರದೇಶದಲ್ಲಿರೋ ಕನ್ನಡದೋರು. ಕೊನೆಯೋರನ್ನ ಮರೀಬೇಡಿ, ಕನ್ನಡ ಓದೋ ಹಸಿವು ಅವರಿಗೆ ಜಾಸ್ತಿ, ನನ್ನ ಕಾದಂಬರಿನ ಎಲ್ಲರಿಗಿಂತ ಮುಂಚೆ ಓದಿ ಮುಗಿಸಿದ್ದು ದುಬೈಯಲ್ಲಿರೋ ಒಬ್ಬ ಅಕೌಂಟೆಂಟ್. ರೆಡ್ಡಿಟ್‌ನಲ್ಲಿ ಬೀಟಾ ರೀಡರ್ಸ್ ಅಂತಲೇ ಒಂದು ಜಾಗ ಇದೆ, ಅಲ್ಲಿ ಇಂಗ್ಲಿಷ್ ಬರೆಯೋರದ್ದೇ ಓಡಾಟ, ನಮಗೆ ಅಷ್ಟು ಪ್ರಯೋಜನ ಇಲ್ಲ.

ಯಾರಿಗೆ ಕೊಡಬಾರ್ದು ಅಂತಲೂ ಹೇಳ್ಬೇಕು. ಮುಲಾಜು ಇರೋ ಕಡೆ ಕೊಡ್ಬೇಡಿ. ಚಿಕ್ಕಪ್ಪ, ಆಫೀಸಿನ ಮೇಲಿನೋರು, ನಿಮಗೆ ಪಾಠ ಮಾಡಿದ ಮೇಷ್ಟ್ರು. ಅವರು 'ಕೊನೆ ಬದಲಾಯಿಸಮ್ಮ' ಅಂದ್ರೆ ನಿಮಗೆ ಇಲ್ಲ ಅನ್ನೋಕಾಗಲ್ಲ, ನೀವು ಬದಲಾಯಿಸ್ದೆ ಪ್ರಿಂಟ್ ಮಾಡಿದ್ರೆ ಅವರಿಗೆ ನೋವು.

ನನ್ನಿಂದ ಆಗಿರೋ ದೊಡ್ಡ ತಪ್ಪು ಯಾರಿಗೆ ಯಾವಾಗ ಕೊಡ್ಬೇಕು ಅನ್ನೋದ್ರಲ್ಲೇ. ನಮ್ಮ ಬೀದಿಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಒಬ್ರಿದ್ರು, ಕರಡು ತಿದ್ದೋದ್ರಲ್ಲಿ ಅವರನ್ನ ಮೀರಿಸೋರಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಒಂದೂ ಬಿಡಲ್ಲ. ಮೊದಲ ಕರಡು ಮುಗಿದ ಖುಷಿಯಲ್ಲಿ 210 ಪುಟ ಪ್ರಿಂಟ್ ತೆಗೆದು ಅವರ ಕೈಗೆ ಕೊಟ್ಟೆ. ಒಂದೂವರೆ ತಿಂಗಳು, ದಿನಾ ಬೆಳಿಗ್ಗೆ ಕಾಫಿ ಆದ್ಮೇಲೆ ಕೂತು, ಕೆಂಪು ಪೆನ್ನಲ್ಲಿ ಪ್ರತಿ ಪುಟ ತಿದ್ದಿ ಕೊಟ್ರು. ಅದಾದ್ಮೇಲೆ ಬೇರೆಯೋರಿಗೆ ಓದೋಕೆ ಕೊಟ್ಟೆ, ಪೂರ್ತಿ ಓದಿದ ನಾಲ್ಕೂ ಜನರದ್ದು ಒಂದೇ ಮಾತು, ಕಥೆ ಶುರುವಾಗೋದು ಐದನೇ ಅಧ್ಯಾಯದಲ್ಲಿ, ಅದಕ್ಕೆ ಮುಂಚಿನದ್ದು ಬೇಕಾಗಿಲ್ಲ. ಅವರು ಹೇಳಿದ್ದು ಸರಿ ಇತ್ತು. ಮೇಷ್ಟ್ರು ಕಣ್ಣು ನೋಯಿಸ್ಕೊಂಡು ತಿದ್ದಿದ್ದ 50 ಪುಟ ಹೋಯ್ತು, ಉಳಿದಿದ್ದನ್ನೂ ಅರ್ಧ ಹೊಸದಾಗಿ ಬರೆದೆ, ಅವರಿಗೆ ಹೇಳೋಕೆ ಹೋದಾಗ 'ಪರವಾಗಿಲ್ಲ ಬಿಡಮ್ಮ' ಅಂದ್ರು ಅಷ್ಟೆ, ಎರಡನೇ ಸಲ ಕೇಳೋಕೆ ನನಗೆ ಮುಖ ಇರ್ಲಿಲ್ಲ. ಹಾಗಾಗಿ ದಯವಿಟ್ಟು ಮೊದಲು ಬರೀ ಓದೋರು, ಕಥೆ ನಿಲ್ಲುತ್ತಾ ಅಂತ ಹೇಳೋಕೆ. ಕಥೆ ಗಟ್ಟಿಯಾದ್ಮೇಲೆ ಅಧ್ಯಾಯ ಹಿಂದೆ ಮುಂದೆ ಮಾಡೋದು, ವಾಕ್ಯ ಬಿಗಿ ಮಾಡೋದು ಹೇಳಬಲ್ಲೋರು ಒಬ್ರು. ಕಾಗುಣಿತ, ಒತ್ತಕ್ಷರ ನೋಡೋರು ಕಟ್ಟಕಡೆಗೆ. ಈ ಕೆಲಸಗಳನ್ನ ಒಬ್ರೇ ಮಾಡ್ತಾರೆ ಅನ್ಕೋಬೇಡಿ, ಚೆನ್ನಾಗಿ ಕರಡು ತಿದ್ದೋರಿಗೆ ಎಷ್ಟೋ ಸಲ ಕಥೆ ಕಣ್ಣಿಗೆ ಬೀಳೋದೇ ಇಲ್ಲ, ಅವರ ಗಮನ ಅಕ್ಷರದ ಮೇಲಿರುತ್ತೆ, ಅದು ಅವರ ತಪ್ಪಲ್ಲ.

ಆಡುಮಾತಿನ ವಿಷಯ ಮಾತ್ರ ಕೊಡೋ ಮೊದಲೇ ಹೇಳಿಬಿಡಿ. ಒಂದು ಕಥೆಯಲ್ಲಿ ನಾನು ಬರೆದಿದ್ದ 'ಹೋಗ್ಬಿಟ್ಲು'ಗಳನ್ನೆಲ್ಲ ಒಬ್ರು ಪ್ರೀತಿಯಿಂದ 'ಹೊರಟುಹೋದಳು' ಮಾಡಿ ಕಳಿಸಿದ್ರು, ಸಂಭಾಷಣೆಯೊಳಗೂ! ಇದಕ್ಕೆ ತದ್ವಿರುದ್ಧದ್ದೂ ಆಗಿದೆ. ಕಾದಂಬರಿಯಲ್ಲಿ ಗದಗ ಕಡೆಯ ಒಬ್ಬ ನರ್ಸ್ ಪಾತ್ರ ಇತ್ತು, ನಾನು ಆ ಕಡೆ ಬದುಕಿದವಳಲ್ಲ, ಟೀವಿ ಸೀರಿಯಲ್ ಕೇಳಿದ ಕಿವಿಯಲ್ಲಿ ಬರೆದಿದ್ದೆ. ಗದಗಿನೋರೇ ಒಬ್ರು ಓದಿ ಫೋನ್ ಮಾಡಿದ್ರು, 'ಅಕ್ಕಾರ, ಕಥಿ ಚೊಲೋ ಐತ್ರಿ, ಆದ್ರ ಆಕಿ ತನ್ನ ಸಣ್ಣ ಮಗನಿಗೂ ರೀ ಹಚ್ಚಿ ಮಾತಾಡ್ತಾಳಲ್ರಿ, ಯಾವ ತಾಯಿ ಹಂಗ ಮಾತಾಡ್ತಾಳ್ರಿ?' ಅಂದ್ರು. ಆಮೇಲೆ ಒಂದು ಪುಟದಲ್ಲಿ ಅವಳ ಬಾಯಲ್ಲಿ 'ಐತಿ', ಮುಂದಿನ ಪುಟದಲ್ಲಿ 'ಅದ', ಅದು ಮನೆ ಮನೆಗೆ ಊರೂರಿಗೆ ಬೇರೆ ಆಗುತ್ತೆ, ಆಕೆ ಯಾವ ಮನೆಯೋಳು ಅಂತ ಮೊದಲು ನೀವು ತೀರ್ಮಾನ ಮಾಡ್ರಿ ಅಂದ್ರು. ಆ ಒಂದು ಫೋನು ನನ್ನ ಪುಸ್ತಕವನ್ನ ಉಳಿಸ್ತು ಅಂತಲೇ ಹೇಳ್ತೀನಿ. ನಿಮ್ಮ ಕಾದಂಬರಿಯಲ್ಲಿ ನಿಮ್ಮದಲ್ಲದ ಊರಿನ ಮಾತು, ನಿಮ್ಮದಲ್ಲದ ಕಸುಬು ಇದ್ರೆ ಆ ಊರಿನ, ಆ ಕಸುಬಿನ ಒಬ್ರಿಗೆ ಬರೀ ಆ ಪುಟಗಳನ್ನಾದ್ರೂ ತೋರಿಸಿ.

ಕೊಡೋ ರೀತಿ ಬಗ್ಗೆ. ಒಂದೇ ಸಲ 60 ಸಾವಿರ ಪದ ಯಾರ ಮೇಲೂ ಹೇರಬೇಡಿ. ಮೊದಲ ಮೂರು ಅಧ್ಯಾಯ ಕಳಿಸಿ, 'ಇಷ್ಟ ಆದ್ರೆ ಮುಂದಿನದ್ದು ಕಳಿಸ್ತೀನಿ, ಇಲ್ಲ ಅಂದ್ರೆ ಇಲ್ಲಿಗೇ ನಿಲ್ಸಿದೆ ಅಂತ ಹೇಳಿ ಸಾಕು' ಅನ್ನಿ. ನಾನು 9 ಜನಕ್ಕೆ ಕಳಿಸಿದ್ದೆ, ಕೊನೆವರೆಗೆ ಓದಿದ್ದು ಆ ನಾಲ್ಕೇ ಜನ, ಉಳಿದೋರ ಮೇಲೆ ಕೋಪ ಬಂದಿತ್ತು, ಈಗ ಯೋಚಿಸಿದ್ರೆ ಅವರು ಎಲ್ಲಿ ಬಿಟ್ರು ಅನ್ನೋದೇ ಒಂದು ಅಭಿಪ್ರಾಯ. ದಿನಾಂಕ ಹೇಳಿ, ಆದ್ರೆ ದಿನಾ ನೆನಪಿಸ್ಬೇಡಿ. ನುಡಿ ಸಾಫ್ಟ್‌ವೇರಲ್ಲಿ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ರೆ ಮೊದಲು ಮೊಬೈಲಲ್ಲೂ ಸರಿಯಾಗಿ ಕಾಣೋ ಯುನಿಕೋಡ್‌ಗೆ ಕನ್ವರ್ಟ್ ಮಾಡ್ಕೊಳ್ಳಿ, ಯಾಕಂದ್ರೆ ಎಲ್ರೂ ಓದೋದು ಮೊಬೈಲಲ್ಲಿ, ಅಲ್ಲಿ ನುಡಿ ಫೈಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆ ಆಗಿ ಕಾಣುತ್ತೆ, ಕನ್ವರ್ಟ್ ಆದ್ಮೇಲೂ ಅರ್ಕಾವೊತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹೋಗಿರ್ಬಹುದು, ಒಂದ್ಸಲ ಕಣ್ಣಾಡಿಸಿ. ಗೂಗಲ್ ಡಾಕ್ಸ್‌ನಲ್ಲಿ ಹಾಕಿದ್ರೆ ಕಾಮೆಂಟ್ ಮಾಡೋಕೆ ಮಾತ್ರ ಪರ್ಮಿಷನ್ ಕೊಡಿ, ಒಬ್ಬೊಬ್ಬರಿಗೆ ಒಂದೊಂದು ಕಾಪಿ ಮಾಡಿ. ಒಂದೇ ಕಾಪಿ ಎಲ್ರಿಗೂ ಕೊಟ್ರೆ ಮೊದಲು ಓದಿದೋರು ಹೇಳಿದ್ದಕ್ಕೇ ಉಳಿದೋರು ತಲೆ ಆಡಿಸ್ತಾರೆ.

'ಹೇಗಿದೆ' ಅಂತ ಕೇಳ್ಬೇಡಿ. ಹೇಗಿದೆ ಅಂದ್ರೆ ನಮ್ಮೋರು ಚೆನ್ನಾಗಿದೆ ಅಂತಲೇ ಹೇಳ್ತಾರೆ, ಇನ್ನೊಬ್ರ ಮನಸ್ಸು ನೋಯಿಸ್ಬಾರ್ದು ಅಂತ. ಎಲ್ಲಿ ಫೋನ್ ಕೆಳಗಿಟ್ರಿ, ಯಾರು ಯಾರು ಅಂತ ಗೊತ್ತಾಗ್ದೆ ಎಲ್ಲಿ ಹಿಂದಿನ ಪುಟಕ್ಕೆ ಹೋದ್ರಿ, ಎಲ್ಲಿ ಹಾರಿಸಿ ಓದಿದ್ರಿ ಅಂತ ಕೇಳಿ. ನನಗೆ ಬಹಳ ಉಪಯೋಗ ಆದ ಉಪಾಯ ಇನ್ನೊಂದಿದೆ. ಓದಿ ಎರಡು ದಿನ ಬಿಟ್ಟು, ಪುಸ್ತಕ ನೋಡ್ದೆ, ಮನೆಯಲ್ಲಿ ಯಾರಿಗೋ ಕಥೆ ಹೇಳೋ ಹಾಗೆ ಇಡೀ ಕಥೆನ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿ ಅಂತೀನಿ. ಐದಾರು ನಿಮಿಷದ್ದು ಬರುತ್ತೆ. ಬರೆಯೋಕೆ ಸೋಮಾರಿತನ ಮಾಡೋರೂ ಇದನ್ನ ಮಾಡ್ತಾರೆ. ಅವರು ಏನು ಬಿಟ್ಟು ಹೇಳಿದ್ರು ಅನ್ನೋದನ್ನ ಕಿವಿಗೊಟ್ಟು ಕೇಳಿ. ನನ್ನ ಕಾದಂಬರಿಯ ಜೀವ ಅಂತ ನಾನಂದ್ಕೊಂಡಿದ್ದ ಒಂದು ಕಾಗದದ ಪ್ರಸಂಗ ನಾಲ್ಕು ಜನರ ವಾಯ್ಸ್ ಮೆಸೇಜಲ್ಲೂ ಇರ್ಲಿಲ್ಲ.

ಅಭಿಪ್ರಾಯ ಬಂದ್ಮೇಲೆ ವಾದ ಮಾಡ್ಬೇಡಿ, 'ಅದು ಹಾಗಲ್ಲ, ನನ್ನ ಉದ್ದೇಶ ಏನಿತ್ತು ಅಂದ್ರೆ' ಅಂತ ಶುರು ಮಾಡಿದ ತಕ್ಷಣ ಆ ಓದುಗ ಮುಂದಿನ ಸಲ ಸುಳ್ಳು ಹೇಳ್ತಾನೆ. ಥ್ಯಾಂಕ್ಸ್ ಹೇಳಿ, ಒಂದು ವಾರ ಫೈಲ್ ಮುಟ್ಬೇಡಿ. ಮತ್ತೆ ಅವರು ಕೊಡೋ ಪರಿಹಾರ ತಗೋಬೇಕು ಅಂತೇನಿಲ್ಲ, ನೋವು ಎಲ್ಲಿದೆ ಅಂತ ತೋರಿಸಿದ ಜಾಗ ಮಾತ್ರ ನಂಬಿ. ನನ್ನ 11ನೇ ಅಧ್ಯಾಯ ಒಬ್ರು ತೆಗೆದುಹಾಕಿ ಅಂದ್ರು, ಇನ್ನೊಬ್ರು ಅಲ್ಲಿ ಸ್ವಲ್ಪ ಪ್ರೇಮ ಸೇರಿಸಿ ಅಂದ್ರು. ಎರಡೂ ಮಾಡ್ಲಿಲ್ಲ. ಮತ್ತೆ ಮತ್ತೆ ಓದಿದಾಗ ಗೊತ್ತಾಗಿದ್ದು, ಗುಟ್ಟನ್ನ ನಾನು 10ರಲ್ಲೇ ಬಿಟ್ಕೊಟ್ಟಿದ್ದೆ, 11ರಲ್ಲಿ ಓದುಗರಿಗೆ ಕಾಯೋಕೆ ಏನೂ ಉಳಿದಿರ್ಲಿಲ್ಲ. 10ರಲ್ಲಿ ಎರಡು ಸಾಲು ತೆಗೆದೆ, ಸರಿಹೋಯ್ತು.

ಕದಿಯೋ ಭಯದ ಬಗ್ಗೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ರಿಜಿಸ್ಟರ್ ಮಾಡ್ಸೋದು ಕಡ್ಡಾಯ ಅಲ್ಲ, ನಿಮ್ಮ ನಂತರ 60 ವರ್ಷದವರೆಗೂ ಇರುತ್ತೆ. ಕರಡುಗಳನ್ನ ಅಳಿಸ್ಬೇಡಿ, ಈಮೇಲಲ್ಲೇ ಕಳಿಸಿ, ಯಾರಿಗೆ ಯಾವತ್ತು ಕಳಿಸಿದ್ರಿ ಅಂತ ದಾಖಲೆ ಇರುತ್ತೆ. ಇದಕ್ಕಿಂತ ಹೆಚ್ಚು ಹುಷಾರಾಗಿರಬೇಕಾದ್ದು, ಫೇಸ್‌ಬುಕ್ ಗೋಡೆ ಮೇಲೆ ಎಲ್ರಿಗೂ ಕಾಣೋ ಹಾಗೆ ಹಾಕೋದು. ದೀಪಾವಳಿ ವಿಶೇಷಾಂಕದ ಥರದ ಕಥಾಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಎಲ್ಲೂ ಪ್ರಕಟ ಆಗಿರಬಾರ್ದು ಅನ್ನೋ ನಿಯಮ ಇರುತ್ತೆ, ಜಾಲತಾಣದಲ್ಲಿ ಹಾಕಿದ್ದನ್ನೂ ಪ್ರಕಟಣೆ ಅಂತಲೇ ಹಿಡಿಯೋರಿದ್ದಾರೆ. ನಾಲ್ಕು ಜನಕ್ಕೆ ಖಾಸಗಿಯಾಗಿ ಕಳಿಸೋದ್ರಲ್ಲಿ ಆ ತೊಂದರೆ ಇಲ್ಲ.

ಪುಸ್ತಕ ಬಂದಾಗ ಅವರ ಹೆಸರು ಅರಿಕೆಯಲ್ಲಿ ಹಾಕಿ, ಹಾಕೋ ಮೊದಲು ಕೇಳಿ, ಕೆಲವರಿಗೆ ಇಷ್ಟ ಇರಲ್ಲ. ಪುಸ್ತಕದ ಒಂದು ಪ್ರತಿನ ಅವರ ಮನೆಗೇ ತಗೊಂಡೋಗಿ ಕೊಡಿ. ಮೇಷ್ಟ್ರ ಮನೆಗೆ ನಾನು ಮೊದಲ ಪ್ರತಿ ತಗೊಂಡು ಹೋದೆ, ಅಲ್ಲೇ ಜಗಲಿ ಮೇಲೆ ಕೂತು ಪುಟ ತಿರುಗಿಸಿ, ಕೆಂಪು ಪೆನ್ನು ಎಲ್ಲಮ್ಮ ಅಂತ ಕೇಳಿದ್ರು, 34ನೇ ಪುಟದಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು.

ಈಗ ನಿಮ್ಮ ವಿಷಯ. ಮೊದಲ ಮೂರು ಅಧ್ಯಾಯ ಯುನಿಕೋಡಲ್ಲಿ ಮಾಡಿಟ್ಕೊಂಡು ಇಲ್ಲೇ ಮೆಸೇಜ್ ಮಾಡಿ, ನಾನು ಓದ್ತೀನಿ. ಮಾರ್ಚ್ ಮುಗಿಯೋವರೆಗೆ ಬ್ಯಾಂಕಲ್ಲಿ ಇಯರ್ ಎಂಡಿಂಗ್, ಅದಕ್ಕೆ ಏಪ್ರಿಲ್ ಎರಡನೇ ವಾರದೊಳಗೆ ಅಂತ ಇಟ್ಕೊಳ್ಳಿ. ನನ್ನ ಹತ್ರ ಮುಗಿಸಿಟ್ಟ ಎರಡು ಕಥೆ ಇದೆ, ಒಂದರ ಕೊನೆ ನನಗೇ ಸಮಾಧಾನ ಇಲ್ಲ, ಅದನ್ನ ನೀವು ಓದ್ಬೇಕು.