‘ದಿ ಎಕ್ಸ್‌ಪ್ಯಾನ್ಸ್’: ನೀರಿನ ಜಾಡು ಹಿಡಿದು ನೋಡಿ

ಮನುಷ್ಯರು ಭೂಮಿ, ಮಂಗಳ, ಕ್ಷುದ್ರಗ್ರಹಗಳಲ್ಲಿ ಹರಡಿ ನೆಲೆಸಿದ ಭವಿಷ್ಯದ ಕಥೆ ಹೇಳುವ ‘ದಿ ಎಕ್ಸ್‌ಪ್ಯಾನ್ಸ್’ ಧಾರಾವಾಹಿಯ ನಾಲ್ಕು ಕಂತು ನೋಡಿದರೂ ಯಾರು ಯಾರ ಕಡೆಯವರೆಂದು ತಿಳಿಯುತ್ತಿಲ್ಲ, ಮುಂದುವರಿಸಲೋ ಬಿಡಲೋ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಾನು ಚಿತ್ರದುರ್ಗದವನು. ಈ ಕಥೆ ನಮ್ಮ ಬಯಲುಸೀಮೆಯವರಿಗೆ ಬೇರೆಯವರಿಗಿಂತ ಬೇಗ ಒಗ್ಗುತ್ತದೆ ಎಂದೇ ನನ್ನ ನಂಬಿಕೆ, ಏಕೆಂದರೆ ಇದರ ಬುಡದಲ್ಲಿರುವುದು ನೀರಿನ ಜಗಳ.

ಹೆಸರುಗಳನ್ನು ನೆನಪಿಡುವ ಗೋಜಿಗೆ ಸದ್ಯಕ್ಕೆ ಹೋಗಬೇಡಿ. ತೆರೆಯ ಮೇಲೆ ಯಾರೇ ಬರಲಿ, ಇವರು ಹುಟ್ಟಿದ್ದೆಲ್ಲಿ, ಇವರಿಗೆ ನೀರು, ಗಾಳಿ ಯಾರ ಕೈಯಿಂದ ಬರುತ್ತದೆ ಎಂದು ಕೇಳಿಕೊಳ್ಳಿ. ಭೂಮಿಯವರು ಉಸಿರಾಡುವ ಗಾಳಿಗೆ ಯಾರ ಹಂಗೂ ಇಲ್ಲ; ವಿಶ್ವಸಂಸ್ಥೆಯೇ ಅವರ ಸರ್ಕಾರ. ಮಂಗಳದವರದು ಸ್ವತಂತ್ರ ಗಣರಾಜ್ಯ, ತಮ್ಮ ಕೆಂಪು ನೆಲವನ್ನು ಹಸಿರಾಗಿಸಲು ಪಣ ತೊಟ್ಟ ಶಿಸ್ತಿನ ಜನ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ, ಅಂದರೆ ‘ಬೆಲ್ಟ್’ನಲ್ಲಿ, ದುಡಿಯುವ ಬೆಲ್ಟರ್‌ಗಳು ಮಾತ್ರ ನೀರು, ಗಾಳಿ ಎರಡಕ್ಕೂ ಪರರ ಮುಖ ನೋಡಬೇಕು. ಅವರ ನೆಲೆಯಾದ ಸೆರೆಸ್ ಎಂಬುದು ನಿಜವಾಗಿಯೂ ಇರುವ ಕುಬ್ಜಗ್ರಹ. 1801ರಲ್ಲಿ ಇಟಲಿಯ ಖಗೋಳಜ್ಞ ಪಿಯಾಟ್ಸಿ ಕಂಡುಹಿಡಿದದ್ದು, ಅಗಲ ಸುಮಾರು 940 ಕಿಲೋಮೀಟರ್. ಧಾರಾವಾಹಿಯ ಸೆರೆಸ್‌ನಲ್ಲಿ ಒಂದು ಕಾಲಕ್ಕೆ ಸಾವಿರ ತಲೆಮಾರಿಗೆ ಆಗುವಷ್ಟು ಹಿಮವಿತ್ತಂತೆ. ಭೂಮಿ ಮತ್ತು ಮಂಗಳದವರು ಅದನ್ನು ಬಾಚಿಕೊಂಡು ಹೋದರು. ಈಗ ಅಲ್ಲಿನವರು ಕುಡಿಯಬೇಕೆಂದರೆ ಶನಿಯ ಉಂಗುರದಿಂದ ಹಡಗಿನಲ್ಲಿ ಹಿಮ ಬರಬೇಕು.

ಅಂಥ ಹಡಗೊಂದು, ಕ್ಯಾಂಟರ್ಬರಿ, ಮೊದಲ ಕಂತಿನಲ್ಲೇ ನಾಶವಾಗುತ್ತದೆ. ಒಂದು ಸರಕು ಹಡಗಿಗಾಗಿ ಮೂರು ನಾಡುಗಳು ಯುದ್ಧದ ಅಂಚಿಗೆ ಬರುವುದು ಹೇಗೆ ಎಂದು ಹಲವರಿಗೆ ಅನ್ನಿಸುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಬಾರದ ದಿನ ಓಣಿಯಲ್ಲಿ ಕೊಡಗಳ ಸಾಲು ಏನಾಗುತ್ತದೆಂದು ಬಲ್ಲ ನಮಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 1907ರಲ್ಲಿ ಕಟ್ಟಿ ಮುಗಿದ ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ಕಾದ ಜನಕ್ಕೆ ಸೆರೆಸ್‌ನವರ ಸಿಟ್ಟು ಹೊಸದಲ್ಲ.

ಇನ್ನು ಪಾತ್ರಗಳು. ಹುಟ್ಟಿದ ನೆಲವನ್ನು ಗುರುತಿಸಿಕೊಂಡ ಮೇಲೆ, ಯಾರು ಆ ನೆಲದ ಗೆರೆ ದಾಟಿದ್ದಾರೆ ಎಂದು ನೋಡಿ. ನಿಮಗೆ ಗೊಂದಲವಾಗುತ್ತಿರುವುದು ಇಲ್ಲಿಯೇ. ಮಿಲ್ಲರ್ ಸೆರೆಸ್‌ನಲ್ಲೇ ಹುಟ್ಟಿದ ಬೆಲ್ಟರ್, ಆದರೆ ಭೂಮಿಯ ಕಂಪನಿಯೊಂದರ ಸಂಬಳಕ್ಕೆ ಪೊಲೀಸ್ ಕೆಲಸ ಮಾಡುತ್ತಾನೆ. ತನ್ನವರ ಕಣ್ಣಲ್ಲಿ ದ್ರೋಹಿ. ಹೋಲ್ಡನ್ ಭೂಮಿಯವನು, ಬೆಲ್ಟರ್‌ಗಳ ನಡುವೆ ಹಿಮ ಹೊರುತ್ತಿದ್ದವನು. ಫ್ರೆಡ್ ಜಾನ್ಸನ್ ಭೂಮಿಯ ಸೇನೆಯ ಕರ್ನಲ್ ಆಗಿದ್ದವನು, ಈಗ ಬೆಲ್ಟರ್‌ಗಳ ಮುಖಂಡ. ಜೂಲಿ ಮಾವ್ ಆಗರ್ಭ ಶ್ರೀಮಂತನ ಮಗಳು, ಅಪ್ಪನ ಮನೆ ಬಿಟ್ಟು ಬೆಲ್ಟ್ ಸೇರಿದವಳು. ಕಥೆಯನ್ನು ಮುಂದಕ್ಕೆ ತಳ್ಳುವವರೆಲ್ಲ ಹೀಗೆ ಎಲ್ಲಿಗೂ ಪೂರ್ತಿ ಸೇರದವರೇ.

ಕ್ರಿಸ್‌ಜೆನ್ ಅವಸರಾಲಳನ್ನು ಮಾತ್ರ ಬೇರೆಯಾಗಿ ನೋಡಬೇಕು. ಮೊದಲ ಕಂತಿಗೆ ಮರಳಿ ಹೋಗಿ. ಭಾರತದ ಮೂಲದ ಆ ಅಜ್ಜಿ ಮೊಮ್ಮಗನೊಂದಿಗೆ ಆಡುತ್ತಿರುತ್ತಾಳೆ, ಮುಖದ ತುಂಬ ಅಕ್ಕರೆ. ಕೆಲಸದ ಕರೆ ಬರುತ್ತದೆ. ಮುಂದೆ ನಾವು ಅವಳನ್ನು ಕಾಣುವುದು ಒಬ್ಬ ಬೆಲ್ಟರ್ ಕೈದಿಯ ಎದುರು. ಅವನನ್ನು ಯಾರೂ ಹೊಡೆಯುತ್ತಿಲ್ಲ, ಸುಮ್ಮನೆ ತೂಗುಹಾಕಿದ್ದಾರೆ ಅಷ್ಟೇ. ಕಡಿಮೆ ಗುರುತ್ವದಲ್ಲಿ ನೀಳವಾಗಿ ಬೆಳೆದ ಅವನ ಮೂಳೆಗಳಿಗೆ ಭೂಮಿಯ ಸೆಳೆತವೇ ಚಿತ್ರಹಿಂಸೆ. ನಾವು ನೀವು ನಿಂತು ನಡೆಯುವ ಭಾರ ಅವನಿಗೆ ಪ್ರಾಣಸಂಕಟ! ಮೂರು ಜನಾಂಗಗಳ ನಡುವಿನ ದೂರವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ದೃಶ್ಯವನ್ನು ನಾನು ಕಂಡಿಲ್ಲ. ಅವಳು ಒಳ್ಳೆಯವಳೋ ಕೆಟ್ಟವಳೋ ಎಂದು ಆತುರದಲ್ಲಿ ತೀರ್ಮಾನಿಸಬೇಡಿ. ಅವಳಿಗೆ ಅಕ್ಕರೆಯೂ ನಿಜ, ಕ್ರೌರ್ಯವೂ ನಿಜ, ಎರಡೂ ಭೂಮಿಗಾಗಿ. ಆ ಪಾತ್ರ ಮಾಡಿದ ನಟಿ ಶೋಹ್ರೆ ಅಗ್ದಾಶ್ಲೂ ಅವರ ಗಡಸು ದನಿಗಾಗಿಯಾದರೂ ಮೂಲ ಭಾಷೆಯಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಳ್ಳಿ. ಬೆಲ್ಟರ್‌ಗಳ ಬೆರಕೆ ಭಾಷೆ ಕಿವಿಗೆ ಹಿಡಿಯದಿದ್ದರೆ ಚಿಂತೆ ಬೇಡ, ಅವರ ಕೈಗಳನ್ನು ಗಮನಿಸಿ. ಗಗನ ಉಡುಪಿನೊಳಗೆ ತಲೆಯಾಡಿಸಿದರೆ ಕಾಣದೆಂದು ಇಡೀ ತೋಳಿನಿಂದ ಸನ್ನೆ ಮಾಡುವುದು ಅವರ ರೂಢಿ.

ಒಟ್ಟು ಆರು ಸೀಸನ್, 62 ಕಂತುಗಳಿವೆ. ಮೊದಲ ಸೀಸನ್‌ನ ಹತ್ತು ಕಂತು ಮುಗಿದಾಗ ಕಥೆ ಅರ್ಧಕ್ಕೆ ನಿಂತಂತೆ ಅನ್ನಿಸುತ್ತದೆ. ಮೂಲ ಕಾದಂಬರಿ ಸರಣಿಯ ಮೊದಲ ಪುಸ್ತಕ ತೆರೆಯ ಮೇಲೆ ಮುಗಿಯುವುದು ಎರಡನೆಯ ಸೀಸನ್‌ನ ಐದನೆಯ ಕಂತಿನಲ್ಲಿ. ಅಲ್ಲಿಯವರೆಗೆ ನೋಡಿ, ಬೇಕೋ ಬೇಡವೋ ಎಂದು ಆಮೇಲೆ ನಿರ್ಧರಿಸಿ. ಅಷ್ಟರೊಳಗೆ ಅಂತರ್ಜಾಲದಲ್ಲಿ ಪಾತ್ರಗಳ ಪಟ್ಟಿ ಹುಡುಕಲು ಹೋಗಬೇಡಿ; ಜೂಲಿಗೆ ಏನಾಯಿತು ಎಂಬುದು ಅಲ್ಲಿ ಮೊದಲ ಸಾಲಿನಲ್ಲೇ ಬಯಲಾಗುತ್ತದೆ.